ಆಟದ ವಯಸ್ಸು, ಲಸಿಕೆಯ ವಯಸ್ಸು

2022ರ ಜನವರಿ 3, ಸೋಮವಾರ. ಅಂದು ದೇಶದಾದ್ಯಂತ 15ರಿಂದ 18 ವರ್ಷದೊಳಗಿನವರಿಗೆ ಕೋವಿಡ್ ಲಸಿಕೆ ಹಾಕುವ ಕೆಲಸ ಶುರುವಾಯಿತು. 2007ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದವರು ಮಾತ್ರ ಬನ್ನಿ, ನಿಮಗೆ ಕೋವ್ಯಾಕ್ಸಿನ್ ಒಂದೇ, 28 ದಿನ ಬಿಟ್ಟು ಎರಡನೇ ಡೋಸ್ ಎಂದಿತು ಕೇಂದ್ರ ಸರ್ಕಾರ. ಮರುದಿನವೇ ರಾಜ್ಯ ಸರ್ಕಾರ ಮೂರನೇ ಅಲೆಯ ನಿರ್ಬಂಧಗಳನ್ನು ಪ್ರಕಟಿಸಿತು. ವಾರಾಂತ್ಯಕ್ಕೆ ಕರ್ಫ್ಯೂ, ಕ್ರೀಡಾಂಗಣಗಳಲ್ಲಿ ಅರ್ಧದಷ್ಟೇ ಜನ, ಜಿಮ್ ಮತ್ತು ಈಜುಕೊಳಕ್ಕೆ ಎರಡೂ ಡೋಸ್ ಆದವರಿಗೆ ಮಾತ್ರ ಪ್ರವೇಶ.

ಈ ಎರಡು ಆದೇಶಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಜನವರಿ 3ರ ಬೆಳಿಗ್ಗೆ ಸಾಲಿನಲ್ಲಿ ಮೊದಲಿಗನಾಗಿ ನಿಂತು ತೋಳು ಕೊಟ್ಟ ಹುಡುಗನಿಗೂ ಎರಡನೇ ಡೋಸ್ ಸಿಗುವುದು ಜನವರಿ 31ಕ್ಕೆ. ಲಸಿಕೆ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದ ಕೆಲವು ಮಕ್ಕಳನ್ನು ಬಿಟ್ಟರೆ, ಆ ತಿಂಗಳಿಡೀ ಎರಡೂ ಡೋಸ್ ಮುಗಿಸಿದ ಹದಿನೇಳರ ಹುಡುಗನೊಬ್ಬ ದೇಶದಲ್ಲೆಲ್ಲೂ ಇರಲು ಸಾಧ್ಯವೇ ಇರಲಿಲ್ಲ. ಫೆಬ್ರುವರಿ 4ರಂದು ಅರ್ಧ ಸಾಮರ್ಥ್ಯದ ಮಿತಿ ತೆಗೆದರು. ಅಲ್ಲಿಯತನಕ ಈಜುವ, ಭಾರ ಎತ್ತುವ ಎಳೆಯರಿಗೆ ಬಾಗಿಲು ಮುಚ್ಚಿತ್ತು. ಮುಚ್ಚಿದ್ದೇವೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಇದರಲ್ಲಿ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುವುದಿಲ್ಲ. ಆದೇಶ ಬರೆದವರ ಕಣ್ಣ ಮುಂದಿದ್ದದ್ದು ಮಾಲು, ಸಿನಿಮಾ ಮಂದಿರ, ಪಬ್ಬು, ಮದುವೆ ಛತ್ರ. ಹದಿನೈದರ ಆಟಗಾರ ಅಲ್ಲೆಲ್ಲೂ ಇರಲಿಲ್ಲ. ಸಾಂಕ್ರಾಮಿಕದ ಎರಡು ವರ್ಷ ನಮ್ಮ ಮಕ್ಕಳ ಆಟಕ್ಕೆ ತಗುಲಿದ ನಿಯಮಗಳು ಬಹುತೇಕ ಹೀಗೆ ದೊಡ್ಡವರ ನಿಯಮಗಳ ಬಾಲ ಹಿಡಿದು ಬಂದಂಥವು.

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡನ್ನೇ ತೆಗೆದುಕೊಳ್ಳಿ. ಹೊರಗಿನವರಿಗೆ ಬೇಲೂರು ಎಂದರೆ ಚೆನ್ನಕೇಶವ, ಹಳೇಬೀಡು ಎಂದರೆ ಹೊಯ್ಸಳೇಶ್ವರ, ಅರಸೀಕೆರೆ ಎಂದರೆ ರೈಲು ಜಂಕ್ಷನ್ ಮತ್ತು ಕೊಬ್ಬರಿ. ಆಟದಲ್ಲೂ ಈ ಸೀಮೆಗೆ ಹೆಸರಿದೆ. ಕ್ರಿಕೆಟಿಗ ಶ್ರೀನಾಥ್ ತಮ್ಮ ಹೆಸರಿನ ಮುಂದೆ ಹೊತ್ತು ಜಗತ್ತೆಲ್ಲ ತಿರುಗಿಸಿದ ಜಾವಗಲ್ ಅರಸೀಕೆರೆ ತಾಲ್ಲೂಕಿನದು. ಭಾರತಕ್ಕೆ ಎರಡು ಟೆಸ್ಟ್ ಆಡಿದ ವೇಗಿ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಆದರೆ ಇಲ್ಲಿನ ಸಾಮಾನ್ಯ ಮಕ್ಕಳು ಆಟಕ್ಕೆ ಬರುವುದು ಕ್ಲಬ್ಬು, ಅಕಾಡೆಮಿಗಳ ಮೂಲಕ ಅಲ್ಲ, ಶಾಲೆಯ ಮೂಲಕ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ, ಆಮೇಲೆ ರಾಜ್ಯ. ಹಳೇಬೀಡು ಹೋಬಳಿಯಲ್ಲಿ ಗೆದ್ದ ಕೊಕ್ಕೊ ತಂಡ 16 ಕಿ.ಮೀ. ಆಚೆಯ ಬೇಲೂರಿಗೆ ಹೋಗಬೇಕು, ಅಲ್ಲಿ ಗೆದ್ದರೆ ಹಾಸನಕ್ಕೆ, ಮತ್ತೂ ಗೆದ್ದರೆ ಮೈಸೂರು ವಿಭಾಗದ ಕೂಟಕ್ಕೆ. ತಂಡ ಕಟ್ಟುವವರು, ಬಸ್ಸಿಗೆ ಹತ್ತಿಸುವವರು, ವಯಸ್ಸಿನ ದಾಖಲೆ ಹೊಂದಿಸುವವರು, ಗಾಯಕ್ಕೆ ಪಟ್ಟಿ ಕಟ್ಟುವವರು ಎಲ್ಲ ಒಬ್ಬರೇ, ದೈಹಿಕ ಶಿಕ್ಷಣ ಶಿಕ್ಷಕರು. ಊರಿನ ಬಾಯಲ್ಲಿ ಪಿ.ಟಿ. ಮೇಷ್ಟ್ರು.

ಶಾಲೆ ಮುಚ್ಚಿದರೆ ಈ ಏಣಿಯೇ ಇಲ್ಲ. 2020ರ ಮಾರ್ಚ್‌ನಲ್ಲಿ ಅದಾಯಿತು. ಹಾಸನ ಜಿಲ್ಲೆ ಮೊದಲು ಸೋಂಕಿಲ್ಲದ ಹಸಿರು ವಲಯವಾಗಿತ್ತು. ಮೇ 12ರಂದು ಮುಂಬೈನಿಂದ ಮರಳಿದವರಲ್ಲಿ ಮೊದಲ ಪ್ರಕರಣಗಳು ಕಂಡವು. ಎರಡನೇ ಅಲೆಯಲ್ಲಿ ಜಿಲ್ಲೆಯ ಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ, 2021ರ ಜೂನ್ 14ರಂದು ರಾಜ್ಯದ ಬಹುಭಾಗದಲ್ಲಿ ಲಾಕ್‌ಡೌನ್ ಸಡಿಲವಾದಾಗ ಬಿಗಿ ಮುಂದುವರಿದ 11 ಜಿಲ್ಲೆಗಳ ಪಟ್ಟಿಯಲ್ಲಿ ಹಾಸನವೂ ಇತ್ತು. ಜುಲೈ 5ರಿಂದ ರಾಜ್ಯದಲ್ಲಿ ಕ್ರೀಡಾಂಗಣಗಳನ್ನು ತೆರೆದರೂ ಅದು ಅಭ್ಯಾಸಕ್ಕೆ ಮಾತ್ರ, ಈಜುಕೊಳ ಸ್ಪರ್ಧೆಗೆ ತಯಾರಾಗುವವರಿಗೆ ಮಾತ್ರ. ಪ್ರೌಢಶಾಲೆಯ ಮೇಲಿನ ತರಗತಿಗಳು ಆಗಸ್ಟ್ 23ರಿಂದ ತೆರೆದಾಗಲೂ ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇರುವ ತಾಲ್ಲೂಕಿಗೆ ಮಾತ್ರ ಆ ಭಾಗ್ಯ. ಪೋಷಕರು ಒಪ್ಪಿಗೆ ಪತ್ರ ಬರೆದುಕೊಡಬೇಕು. ಮೊದಲು ಪಾಠ; ಆಟದ ಮಾತು ಆಮೇಲೆ.

ಹದಿಹರೆಯದವರ ಆಟದಲ್ಲಿ ಎರಡು ವರ್ಷ ಸಣ್ಣ ಕಾಲವಲ್ಲ. ಶಾಲಾ ಕ್ರೀಡೆಯ ಲೆಕ್ಕ 14, 17, 19 ವರ್ಷದೊಳಗಿನವರು ಎಂದು ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಹದಿಮೂರು ತುಂಬಿದ್ದ ಹುಡುಗಿ ಮೈದಾನ ಮತ್ತೆ ತೆರೆಯುವ ಹೊತ್ತಿಗೆ ಹದಿನೈದು ದಾಟಿದ್ದಳು. ಹದಿನಾಲ್ಕರೊಳಗಿನ ವಿಭಾಗ ಅವಳ ಪಾಲಿಗೆ ಹೋಗಿಯೇ ಹೋಯಿತು. ದೊಡ್ಡವರ ರಣಜಿ ಟ್ರೋಫಿ 2020–21ರಲ್ಲಿ 87 ವರ್ಷಗಳಲ್ಲಿ ಮೊದಲ ಬಾರಿ ನಡೆಯಲಿಲ್ಲ ಎಂಬುದು ಸುದ್ದಿಯಾಯಿತು. ಹೋಬಳಿ ಕ್ರೀಡಾಕೂಟ ನಡೆಯದೆ ಹೋದದ್ದು ಯಾರಿಗೂ ಸುದ್ದಿಯಲ್ಲ.

ಲಸಿಕೆಯ ಲೆಕ್ಕವೇ ಬೇರೆ. 15 ದಾಟಿದವರಿಗೆ 2022ರ ಜನವರಿ 3ರಿಂದ ಕೋವ್ಯಾಕ್ಸಿನ್. 12ರಿಂದ 14 ವರ್ಷದವರಿಗೆ ಮಾರ್ಚ್ 16ರಿಂದ ಕೋರ್ಬೆವ್ಯಾಕ್ಸ್. ಅದಕ್ಕೂ ಕಿರಿಯರಿಗೆ ಇಲ್ಲ. ಈಗ ಆ ಜನವರಿಯ ಒಂದು ಪ್ರೌಢಶಾಲೆಯ ಕಬಡ್ಡಿ ತಂಡವನ್ನು ನಿಲ್ಲಿಸಿ ನೋಡಿ. ಹತ್ತನೇ ತರಗತಿಯವರು ಲಸಿಕೆಗೆ ಅರ್ಹರು, ಒಂಬತ್ತನೆಯವರಲ್ಲಿ ಹೆಚ್ಚಿನವರು ಅರ್ಹರು, ಎಂಟನೆಯವರಲ್ಲಿ ಹಲವರು ಅನರ್ಹರು. ಎಲ್ಲರೂ 17ರೊಳಗಿನ ಒಂದೇ ವಿಭಾಗ, ಒಂದೇ ಅಂಗಣ, ಒಂದೇ ನೀರಿನ ಬಾಟಲಿ. ಮೇಷ್ಟ್ರಿಗೆ ಎರಡು ಡೋಸ್ ಆಗಿದೆ, ನಾಯಕನಿಗೆ ಒಂದು, ಮೂಲೆಯಲ್ಲಿ ನಿಂತ ಚಿಕ್ಕವನಿಗೆ ಇನ್ನೂ ಸೊನ್ನೆ. 'ಲಸಿಕೆ ಆದವರು ಮಾತ್ರ ಆಡಬಹುದು' ಎಂಬ ನಿಯಮವನ್ನು ಈ ತಂಡಕ್ಕೆ ಹಚ್ಚಿದರೆ ತಂಡ ಒಡೆಯುತ್ತದೆ. ಹಚ್ಚದಿದ್ದರೆ ನಿಯಮವಿದ್ದೂ ಇಲ್ಲದಂತೆ.

ಇದು ಹಳ್ಳಿಯ ತಾಪತ್ರಯ ಎಂದುಕೊಳ್ಳಬೇಡಿ. ಅದೇ ಜನವರಿಯಲ್ಲಿ 19 ವರ್ಷದೊಳಗಿನವರ ವಿಶ್ವಕಪ್‌ಗೆ ಹೊರಟ ಭಾರತ ತಂಡ ವೆಸ್ಟ್ ಇಂಡೀಸ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಳಿದಾಗ ಏಳು ಆಟಗಾರರನ್ನು ವಿಮಾನ ನಿಲ್ದಾಣದಲ್ಲೇ ತಡೆದರು. ಕಾರಣ, ಲಸಿಕೆ ಆಗಿಲ್ಲ. ತಂಡದ ವ್ಯವಸ್ಥಾಪಕರಾಗಿದ್ದ ಲೋಬ್ಜಾಂಗ್ ತೆನ್ಜಿಂಗ್ ಆಮೇಲೆ ಇದನ್ನು ಬಹಿರಂಗವಾಗಿ ಹೇಳಿಕೊಂಡರು. ನಮ್ಮ ದೇಶದಲ್ಲಿ ಈ ವಯಸ್ಸಿನವರಿಗೆ ಲಸಿಕೆ ಈಗಷ್ಟೇ ಶುರುವಾಗಿದೆ ಎಂದು ಅಲ್ಲಿನ ಅಧಿಕಾರಿಗಳಿಗೆ ತಿಳಿಹೇಳಿ ಬಿಡಿಸಿಕೊಳ್ಳಬೇಕಾಯಿತು. ಟೂರ್ನಿ ಶುರುವಾದ ಮೇಲೆ ನಾಯಕ ಯಶ್ ಧುಲ್, ಉಪನಾಯಕ ಶೇಖ್ ರಶೀದ್ ಸೇರಿ ಆರು ಮಂದಿ ಸೋಂಕು ಅಥವಾ ಪ್ರತ್ಯೇಕವಾಸದ ಕಾರಣ ಹೊರಗುಳಿದರು. ಜನವರಿ 19ರಂದು ಐರ್ಲೆಂಡ್ ವಿರುದ್ಧ ಆಡಲು 17 ಜನರ ತಂಡದಲ್ಲಿ ಉಳಿದಿದ್ದದ್ದು ಸರಿಯಾಗಿ 11 ಮಂದಿ, ಕರ್ನಾಟಕದ ಅನೀಶ್ವರ್ ಗೌತಮ್ ಅವರಲ್ಲೊಬ್ಬ. ಆ ಪಂದ್ಯವನ್ನೂ ಗೆದ್ದರು, ಫೆಬ್ರುವರಿ 5ರಂದು ಇಂಗ್ಲೆಂಡನ್ನು ಸೋಲಿಸಿ ಕಪ್ಪನ್ನೂ ಗೆದ್ದರು. ಗೆಲುವಿನ ಗದ್ದಲದಲ್ಲಿ ವಿಮಾನ ನಿಲ್ದಾಣದ ಕಥೆ ಹಿಂದೆ ಸರಿಯಿತು. ದೇಶದ ಅತ್ಯಂತ ಶ್ರೀಮಂತ ಕ್ರೀಡಾ ಸಂಸ್ಥೆಯ ಹುಡುಗರಿಗೇ ಹೀಗಾದರೆ ಸರ್ಕಾರಿ ಪ್ರೌಢಶಾಲೆಯ ಮಕ್ಕಳ ಪರವಾಗಿ ತಿಳಿಹೇಳುವವರು ಯಾರು?

ಇನ್ನು ಪರೀಕ್ಷೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ 'ನೆಗೆಟಿವ್ ರಿಪೋರ್ಟ್ ತನ್ನಿ, ಆಡಿ' ಎಂಬ ನಿಯಮ ಕೇಳಲು ಬಹಳ ಸರಳ.

ಆರ್‌ಟಿ-ಪಿಸಿಆರ್ ವರದಿ 72 ಗಂಟೆಯೊಳಗಿನದಾಗಿರಬೇಕು ಎಂಬುದು ಆಗ ಎಲ್ಲೆಡೆ ಚಾಲ್ತಿಯಲ್ಲಿದ್ದ ಮಾತು. ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ ರಾಜ್ಯ ಅದನ್ನು ಕಡ್ಡಾಯ ಮಾಡಿತ್ತು. 2021ರ ಜುಲೈ ಕೊನೆಯಲ್ಲಂತೂ ಲಸಿಕೆ ಆಗಿದ್ದರೂ ವರದಿ ಬೇಕೇ ಬೇಕು ಎಂದಿತು. ಕಾಸರಗೋಡಿನಿಂದ ಮಂಗಳೂರಿಗೆ ನಿತ್ಯ ಓಡಾಡುವ ಕನ್ನಡ ವಿದ್ಯಾರ್ಥಿಗಳು ಮತ್ತೆ ಮತ್ತೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಾಯಿತು. ಬೇಲೂರಿನಲ್ಲಿ ತೆಗೆದ ಗಂಟಲ ದ್ರವ ಸುಮಾರು 40 ಕಿ.ಮೀ. ದೂರದ ಹಾಸನದ ಪ್ರಯೋಗಾಲಯ ಸೇರಬೇಕು, ಅಲ್ಲಿ ಸರದಿ ಕಾಯಬೇಕು, ಫಲಿತಾಂಶ ಮೊಬೈಲಿಗೆ ಬರಬೇಕು. 72 ಗಂಟೆಯಲ್ಲಿ ಅರ್ಧ ದಾರಿಯಲ್ಲೇ ಸವೆಯುತ್ತದೆ. ಅಷ್ಟಾಗಿಯೂ ಆ ಕಾಗದ ಹೇಳುವುದು ಕಡ್ಡಿ ಹಾಕಿದ ಗಳಿಗೆಯ ಸ್ಥಿತಿಯನ್ನು ಮಾತ್ರ. ಗುರುವಾರ ಮಾದರಿ ಕೊಟ್ಟು ಶುಕ್ರವಾರ ಸೋಂಕು ತಗುಲಿಸಿಕೊಂಡ ಹುಡುಗ ಭಾನುವಾರದ ಪಂದ್ಯಕ್ಕೆ ನೆಗೆಟಿವ್ ಕಾಗದ ಹಿಡಿದೇ ಬರುತ್ತಾನೆ.

ಹಾಗಾದರೆ ಮೈದಾನದಲ್ಲೇ ಅರ್ಧ ಗಂಟೆಯೊಳಗೆ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಜೂನ್‌ನಲ್ಲಿ ಮೊದಲ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ ಅದರ ಮಿತಿಯನ್ನೂ ಹೇಳಿತ್ತು. ನಿಜವಾಗಿ ಸೋಂಕಿರುವ ನೂರು ಮಂದಿಯಲ್ಲಿ ಅದು ಹಿಡಿಯುವುದು ಸುಮಾರು 51ರಿಂದ 84 ಮಂದಿಯನ್ನು. ಸೋಂಕಿಲ್ಲದವರನ್ನು ಇಲ್ಲ ಎಂದು ಸರಿಯಾಗಿ ಗುರುತಿಸುವ ಪ್ರಮಾಣ ಶೇ 99.3ರಿಂದ 100. ಅಂಕಿ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಈಗ ಜಿಲ್ಲಾ ಕೂಟಕ್ಕೆ ಸಾವಿರ ಮಕ್ಕಳು ಬಂದರೆನ್ನಿ, ಅವರಲ್ಲಿ ಐವರಿಗೆ ಮಾತ್ರ ಸೋಂಕಿದೆ ಎಂದಿಟ್ಟುಕೊಳ್ಳಿ. ಐವರಲ್ಲಿ ಮೂರೋ ನಾಲ್ಕೋ ಮಂದಿ ಸಿಕ್ಕಿಬೀಳುತ್ತಾರೆ, ಒಬ್ಬಿಬ್ಬರು ತಪ್ಪಿಸಿಕೊಂಡು ಅಂಗಣಕ್ಕಿಳಿಯುತ್ತಾರೆ. ಸೋಂಕಿಲ್ಲದ 995 ಮಂದಿಯಲ್ಲಿ ಶೇ 0.7ರಷ್ಟು ತಪ್ಪಾದರೂ ಏಳು ಮಕ್ಕಳು ಏನೂ ಇಲ್ಲದೆ 'ಪಾಸಿಟಿವ್' ಆಗಿ ಮನೆಗೆ ಮರಳುತ್ತಾರೆ. ಸಿಕ್ಕಿಬಿದ್ದ ನಿಜವಾದವರಿಗಿಂತ ತಪ್ಪಾಗಿ ಸಿಕ್ಕಿಬಿದ್ದವರೇ ಹೆಚ್ಚು. ಊರಿನಲ್ಲಿ ಸೋಂಕು ಉಕ್ಕುತ್ತಿರುವಾಗ ಉಪಯೋಗಕ್ಕೆ ಬರುವ ಪರೀಕ್ಷೆ ಸೋಂಕು ಇಳಿದಾಗ ಹೀಗೆ ತಿರುಗಿ ಬೀಳುತ್ತದೆ. ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು ಎಂದು ಮಂಡಳಿ ಹೇಳಿದ್ದೂ ಈ ಮಿತಿಯನ್ನು ಅರಿತೇ.

ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಸಿಕ್ಕಿತು. 2020ರ ಆಗಸ್ಟ್‌ನಲ್ಲಿ ಮನೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರಕ್ಕೆ ಮರಳಿದ ಹಾಕಿ ಆಟಗಾರರಿಗೆ ಬಂದ ಕೂಡಲೇ ರ‍್ಯಾಪಿಡ್ ಪರೀಕ್ಷೆ ಮಾಡಿದರು. ಎಲ್ಲ ನೆಗೆಟಿವ್. ನಾಯಕ ಮನ್‌ಪ್ರೀತ್ ಸಿಂಗ್ ಮತ್ತು ಸುರೇಂದರ್ ಕುಮಾರ್ ಅವರಲ್ಲಿ ಲಕ್ಷಣ ಕಂಡ ಮೇಲೆ ಆರ್‌ಟಿ-ಪಿಸಿಆರ್ ಮಾಡಿಸಿದಾಗ ನಿಜ ಹೊರಬಂತು. ಕೊನೆಗೆ ಆರು ಆಟಗಾರರಿಗೆ ಸೋಂಕು ದೃಢಪಟ್ಟಿತು. ಬಂದವರನ್ನು ಮೊದಲೇ ಬೇರೆಯಾಗಿ ಇರಿಸಿದ್ದರಿಂದ ಶಿಬಿರದ ಉಳಿದವರು ಬಚಾವಾದರು. ಅಲ್ಲಿ ಕಾಪಾಡಿದ್ದು ಪರೀಕ್ಷೆಗಿಂತ ಹೆಚ್ಚಾಗಿ ಪ್ರತ್ಯೇಕ ಕೋಣೆ. 2021ರಲ್ಲಿ ಭಾರತ–ಇಂಗ್ಲೆಂಡ್ ಟೆಸ್ಟ್ ಸರಣಿಗೆ ನಮ್ಮ ಜಾವಗಲ್ ಶ್ರೀನಾಥ್ ಪಂದ್ಯ ರೆಫರಿಯಾಗಿದ್ದರು. ಅಲ್ಲಿಯೂ ಹೋಟೆಲು, ಬಸ್ಸು, ಮೈದಾನ ಮೂರನ್ನೂ ಹೊರಲೋಕದಿಂದ ಬೇರ್ಪಡಿಸಿದ 'ಬಯೋ ಬಬಲ್' ಇತ್ತು. ಜಾವಗಲ್ಲಿನ ಶಾಲೆಯ ಹುಡುಗ ಅಭ್ಯಾಸ ಮುಗಿಸಿ ಹೋಗುವುದು ಅಜ್ಜ ಅಜ್ಜಿ ಇರುವ ಮನೆಗೆ. ಬಬಲ್ ಅನ್ನೋದು ಅವನಿಗೆ ಟಿ.ವಿ.ಯಲ್ಲಿ ಕೇಳಿದ ಪದ.

ಮಕ್ಕಳಿಗೆ ಕೋವಿಡ್ ಹೆಚ್ಚಿನಂಶ ಸೌಮ್ಯವಾಗಿಯೇ ಬಂದುಹೋಯಿತು. ಅವರ ಆಟಕ್ಕೆ ನಿಯಮ ಬೇಕಾದದ್ದು ಬಹುಮಟ್ಟಿಗೆ ಆ ಅಜ್ಜ ಅಜ್ಜಿಗಾಗಿ, ಮತ್ತು ಮಕ್ಕಳು ಒಟ್ಟಿಗೆ ಉಂಡು ಮಲಗುವ ವಸತಿ ಶಾಲೆಗಳಿಗಾಗಿ. 2021ರ ಡಿಸೆಂಬರ್‌ನಲ್ಲಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಸೀಗೋಡಿನ ಜವಾಹರ ನವೋದಯ ವಿದ್ಯಾಲಯದಲ್ಲಿ ಸೋಂಕಿತರ ಸಂಖ್ಯೆ ಕೆಲವೇ ದಿನಗಳಲ್ಲಿ ನೂರು ದಾಟಿತು. ಬಯಲಿನಲ್ಲಿ ಆಡಿ ಮನೆಗೆ ಹೋಗುವ ಮಕ್ಕಳಿಗೂ ಒಂದೇ ಸೂರಿನಡಿ ಮಲಗುವ ಮಕ್ಕಳಿಗೂ ನಿಯಮ ಒಂದೇ ಆಗಿರಬಾರದು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆಟದಿಂದ ಆಟಕ್ಕೂ ವ್ಯತ್ಯಾಸವಿದೆ. ಕಬಡ್ಡಿಯಲ್ಲಿ ರೈಡರ್ ಉಸಿರು ಬಿಗಿಹಿಡಿದು ಒಂದೇ ಸಮನೆ ಕೂಗುತ್ತ ಎದುರಾಳಿಗಳ ಮುಖದ ಹತ್ತಿರ ನುಗ್ಗುತ್ತಾನೆ, ಅವರು ಅವನ ಮೇಲೆ ಬೀಳುತ್ತಾರೆ. ಉಸಿರಿನಿಂದ ಹರಡುವ ವೈರಾಣುವಿಗೆ ಇದಕ್ಕಿಂತ ಅನುಕೂಲದ ಆಟ ಸಿಗದು. ಕುಸ್ತಿಯೂ ಹಾಗೆಯೇ. ಥ್ರೋಬಾಲ್, ವಾಲಿಬಾಲ್‌ನಲ್ಲಿ ನಡುವೆ ಬಲೆ ಇದೆ. ಕೊಕ್ಕೊದಲ್ಲಿ ಮುಟ್ಟುವುದು ಕ್ಷಣಮಾತ್ರ. ಜಾವೆಲಿನ್, ಉದ್ದಜಿಗಿತದಲ್ಲಿ ಒಬ್ಬರ ಪಾಡಿಗೆ ಒಬ್ಬರು. ಅಮೆರಿಕದ ಕ್ಯಾಲಿಫೋರ್ನಿಯಾ 2021ರ ಫೆಬ್ರುವರಿಯಲ್ಲಿ ಮಕ್ಕಳ ಆಟಗಳನ್ನು ಹೀಗೆಯೇ ವಿಂಗಡಿಸಿತು: ಮೈಗೆ ಮೈ ತಾಗುವ ಅಮೆರಿಕನ್ ಫುಟ್‌ಬಾಲ್, ರಗ್ಬಿ, ವಾಟರ್ ಪೋಲೊಗೆ ಸೋಂಕು ಹೆಚ್ಚಿರುವ ಕೌಂಟಿಗಳಲ್ಲಿ 13 ದಾಟಿದವರಿಗೆ ವಾರಕ್ಕೊಮ್ಮೆ ಪರೀಕ್ಷೆ, ಅಂತರವಿರುವ ಆಟಗಳಿಗೆ ಈ ಷರತ್ತಿಲ್ಲ. ನ್ಯೂಯಾರ್ಕ್ ನಗರ ಅದೇ ವರ್ಷ ಶಾಲಾ ಕುಸ್ತಿ, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ನಂಥ ಆಟಗಳಿಗೆ ಲಸಿಕೆ ಕಡ್ಡಾಯ ಮಾಡಿತು. ಅಲ್ಲಿ 12 ದಾಟಿದವರಿಗೆ ಲಸಿಕೆ 2021ರ ಮೇ ತಿಂಗಳಿಂದಲೇ ಸಿಗುತ್ತಿತ್ತು ಎಂಬುದನ್ನು ಮರೆಯಬಾರದು. ಕೊಟ್ಟು ಕೇಳುವುದು ಬೇರೆ, ಕೊಡದೆ ಕೇಳುವುದು ಬೇರೆ. ನಮ್ಮ ಆದೇಶಗಳು ಮಾತ್ರ ಕಬಡ್ಡಿಯನ್ನೂ ಜಾವೆಲಿನ್ನನ್ನೂ 'ಕ್ರೀಡಾ ಚಟುವಟಿಕೆ' ಎಂಬ ಒಂದೇ ಮೂಟೆಗೆ ತುಂಬಿದವು.

ಒಂದು ಕಡೆ ರಾಜ್ಯ ಸರ್ಕಾರ ಜಾಣತನವನ್ನೂ ತೋರಿಸಿತು. ಓಮೈಕ್ರಾನ್ ದೇಶದಲ್ಲಿ ಮೊದಲು ಪತ್ತೆಯಾದದ್ದು ಬೆಂಗಳೂರಿನಲ್ಲಿ, 2021ರ ಡಿಸೆಂಬರ್ 2ರಂದು. ಮರುದಿನ ಬಂದ ಆದೇಶದಲ್ಲಿ, ಶಾಲೆ ಕಾಲೇಜಿಗೆ ಮಕ್ಕಳನ್ನು ಕಳಿಸುವ ಪೋಷಕರಿಗೆ ಎರಡೂ ಡೋಸ್ ಆಗಿರಬೇಕು ಎಂದಿತ್ತು. ಮಕ್ಕಳಿಗೆ ಲಸಿಕೆಯಿಲ್ಲದಿದ್ದಾಗ ಸುತ್ತಲಿನ ದೊಡ್ಡವರಿಗೆ ಹಾಕಿಸುವುದು ಸರಿಯಾದ ತರ್ಕವೇ. ಆದರೆ ಅಪ್ಪ ಹಾಕಿಸಿಕೊಳ್ಳದಿದ್ದರೆ ಶಿಕ್ಷೆ ಮಗಳಿಗೆ ಎಂಬ ಅಡ್ಡಪರಿಣಾಮ ಅದರಲ್ಲಿತ್ತು. ಅರಸೀಕೆರೆ ಸೀಮೆಯಲ್ಲಿ ತೋಟದ ಕೆಲಸ ಬಿಟ್ಟು ಲಸಿಕೆಗೆ ಬರಲೊಲ್ಲದ ತಂದೆಯನ್ನು ಒಪ್ಪಿಸುವ ಹೊಣೆ ಯಾರದು? ಆಶಾ ಕಾರ್ಯಕರ್ತೆಯದು, ಇಲ್ಲವೇ ಮತ್ತೆ ಮೇಷ್ಟ್ರದು.

ಕಾನೂನಿನ ಮಾತು 2022ರ ಮೇ 2ರಂದು ಸ್ಪಷ್ಟವಾಯಿತು. ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು, ಆದರೆ ಸೋಂಕು ಇಳಿದಿರುವಾಗ ಲಸಿಕೆ ಹಾಕಿಸದವರನ್ನು ಸಾರ್ವಜನಿಕ ಜಾಗಗಳಿಂದ ದೂರವಿಡುವುದು ಅದರ ಅಳತೆ ಮೀರಿದ್ದು ಎಂಬುದು ಅದರ ಅಭಿಪ್ರಾಯ. ಮಕ್ಕಳಿಗೆ ಲಸಿಕೆ ಹಾಕುವ ನೀತಿಯಲ್ಲಿ ನ್ಯಾಯಾಲಯ ತಪ್ಪು ಕಾಣಲಿಲ್ಲ. ಮಕ್ಕಳ ಮೇಲಿನ ಪ್ರಯೋಗಗಳ ಮಾಹಿತಿಯನ್ನು ಪ್ರಕಟಿಸಿ ಎಂದು ಮಾತ್ರ ಹೇಳಿತು. ನನಗೆ ಇದು ಸಮತೂಕದ ತೀರ್ಪು ಅನ್ನಿಸುತ್ತದೆ. ಕ್ರೀಡಾ ಸಂಘಟಕರು ಇದನ್ನು ಓದಿಕೊಂಡಿರುವುದು ಒಳ್ಳೆಯದು.

ಪೋಷಕರು ಮೇಷ್ಟ್ರನ್ನು ಕೇಳುವ ಪ್ರಶ್ನೆ ಕಾನೂನಿನದಲ್ಲ. 'ಸೂಜಿ ಹಾಕಿಸಿದ ಮೇಲೆ ಹುಡುಗ ಓಡಬಹುದಾ ಸಾರ್? ಹೃದಯಕ್ಕೆ ತೊಂದರೆ ಆಗುತ್ತಂತಲ್ಲ?' ಆ ಭಯ ವಾಟ್ಸ್‌ಆ್ಯಪ್‌ನಲ್ಲಿ ಹೊರದೇಶದಿಂದ ಬಂದದ್ದು. ಹದಿಹರೆಯದ ಹುಡುಗರಲ್ಲಿ ಅಪರೂಪಕ್ಕೆ ಕಂಡ ಹೃದಯ ಸ್ನಾಯುವಿನ ಉರಿಯೂತದ ವರದಿಗಳು ಮುಖ್ಯವಾಗಿ ಫೈಜರ್, ಮಾಡರ್ನಾದ ಎಂಆರ್‌ಎನ್‌ಎ ಲಸಿಕೆಗಳ ಬಗ್ಗೆ. ನಮ್ಮ ಮಕ್ಕಳಿಗೆ ಕೊಟ್ಟ ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ವೈರಾಣುವಿನದು, ಕೋರ್ಬೆವ್ಯಾಕ್ಸ್ ಪ್ರೋಟೀನಿನದು. ಲಸಿಕೆಯ ಮರುದಿನ ತೋಳುನೋವು, ಜ್ವರ ಬರಬಹುದು, ಆ ದಿನ ಆಯ್ಕೆ ಪಂದ್ಯ ಇಡದಿದ್ದರೆ ಸಾಕು. ಹೆಚ್ಚು ಎಚ್ಚರ ಬೇಕಾದದ್ದು ಸೋಂಕು ಬಂದುಹೋದ ಮೇಲೆ. 2022ರ ಜನವರಿಯ ನಿಯಮದಂತೆ ಸೌಮ್ಯ ಲಕ್ಷಣದವರಿಗೆ ಏಳು ದಿನದ ಮನೆವಾಸ, ಕೊನೆಯ ಮೂರು ದಿನ ಜ್ವರ ಇರಬಾರದು. ಎಂಟನೇ ದಿನ ಶಾಲೆಗೆ ಬರಬಹುದು ಎಂದರೆ ಎಂಟನೇ ದಿನ 1,500 ಮೀಟರ್ ಓಡಬಹುದು ಎಂದಲ್ಲ. ನಡಿಗೆ, ನಿಧಾನದ ಓಟ, ಆಮೇಲೆ ಪೂರ್ಣ ಅಭ್ಯಾಸ. ನಡುವೆ ಎದೆನೋವು, ವಿಪರೀತ ಏದುಸಿರು, ಎದೆಬಡಿತದ ಏರುಪೇರು, ತಲೆಸುತ್ತು ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಶಾಲೆಯ ಕ್ರೀಡಾ ಕೊಠಡಿಯಲ್ಲಿ ಅಂಟಿಸಲು ಎಷ್ಟು ಖರ್ಚಾಗುತ್ತಿತ್ತು?

ಶಾಲೆಯ ಮೂಲಕ ಹೋದ ಲಸಿಕೆ ತಲುಪುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ನಿದರ್ಶನವಿದೆ. 2022ರ ಡಿಸೆಂಬರ್‌ನಲ್ಲಿ ಹಾಸನ ಸೇರಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ಹಾಕಿದಾಗ ಆರೋಗ್ಯ ಇಲಾಖೆ ಶಾಲೆಗಳಿಗೇ ಬಂತು. ಆಡಬೇಕಾದರೆ ಹಾಕಿಸಿಕೋ ಎಂದು ಯಾರೂ ಷರತ್ತು ಹಾಕಲಿಲ್ಲ.

ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೋ ಹೇಳಲಾಗದು. ಅದು ಬಂದ ಮೇಲೆ ರಾತ್ರೋರಾತ್ರಿ ಆದೇಶ ಬರೆಯುವ ಬದಲು, ಸಾರ್ವಜನಿಕ ಶಿಕ್ಷಣ ಇಲಾಖೆ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಈಗಲೇ ಕುಳಿತು ಮಕ್ಕಳ ಆಟಕ್ಕೆಂದೇ ಒಂದು ನಿಯಮಾವಳಿ ಬರೆದಿಡಲಿ. ಲಸಿಕೆ ಸಿಗದ ವಯಸ್ಸಿನವರಿಂದ ಲಸಿಕೆಯ ಪ್ರಮಾಣಪತ್ರ ಕೇಳುವಂತಿಲ್ಲ ಎಂಬುದು ಅದರ ಮೊದಲ ಸಾಲಾಗಲಿ. ಆಟಗಳನ್ನು ಅವುಗಳ ಅಪಾಯದ ಪ್ರಕಾರ ವಿಂಗಡಿಸಲಿ, ತೀರ್ಮಾನವನ್ನು ರಾಜ್ಯಕ್ಕೆಲ್ಲ ಒಂದೇ ಎಂದು ಮಾಡದೆ ತಾಲ್ಲೂಕಿನ ಸೋಂಕಿನ ಪ್ರಮಾಣ ನೋಡಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಬಿಡಲಿ, ವಯೋಮಿತಿಯಲ್ಲಿ ಕಳೆದುಹೋದ ವರ್ಷವನ್ನು ಮಕ್ಕಳಿಗೆ ಮರಳಿಸುವ ದಾರಿಯನ್ನೂ ಸೇರಿಸಲಿ. ಅದನ್ನು ಬರೆಯುವ ಸಮಿತಿಯಲ್ಲಿ ವೈದ್ಯರ ಪಕ್ಕದಲ್ಲಿ ಹೋಬಳಿ ಮಟ್ಟದ ಒಬ್ಬ ಪಿ.ಟಿ. ಮೇಷ್ಟ್ರಿಗೂ ಕುರ್ಚಿ ಇರಲಿ.

ಪೋಷಕರಿಗೆ ಒಂದು ಮಾತು. ಕೋವಿಡ್ ನೆನಪಿನಲ್ಲಿ ಹಳೆಯದನ್ನು ಮರೆಯಬೇಡಿ: ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ 10 ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿ.ಡಿ. ಚುಚ್ಚುಮದ್ದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮಣ್ಣಿನ ಅಂಗಣದಲ್ಲಿ ಮೊಣಕಾಲು ತರಚಿಕೊಳ್ಳುವ ನಿಮ್ಮ ಮಗ, ಮಗಳಿಗೆ ಅದು ಆಗಿದೆಯೇ ಎಂದು ಈ ವಾರವೇ ತಾಯಿ ಕಾರ್ಡ್ ತೆಗೆದು ನೋಡಿ.